ಹಳೆಯ ಕಾರಿನ ಎಣ್ಣೆ ಸೋರಿಕೆ: ಮೂಲ ಹುಡುಕುವ ಬಗೆ, ನಿಲ್ಲಿಸುವ ಕ್ರಮ

ಮಳೆಗಾಲ ಹಿಂದೆ ಸರಿದು ಅಡಿಕೆ ಕೊಯ್ಲು, ಅದರ ಬೆನ್ನಿಗೇ ಕಾಫಿ ಕೊಯ್ಲು ಬರುವ ದಿನಗಳಲ್ಲಿ, ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಹಳೆಯ ವಾಹನಗಳು ಮತ್ತೆ ರಸ್ತೆಗೆ ಇಳಿಯುತ್ತವೆ. ಅಂಬಾಸಿಡರ್ ಕಾರಿನ ತಯಾರಿಕೆ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲೇ ನಿಂತಿತಾದರೂ, ತೋಟದ ಮನೆಗಳಲ್ಲಿ ಅದು ಇನ್ನೂ ಉಳಿದುಕೊಂಡಿದೆ. ಹೊರಗೆ ತೆಗೆದೊಡನೆ ಶೆಡ್ಡಿನ ನೆಲದಲ್ಲಿ ಕಾಣುವುದು ಕಪ್ಪು ಎಣ್ಣೆಯ ಕಲೆ. "ಹಳೆ ಗಾಡಿ, ಸೋರುವುದು ಸಹಜ" ಎಂದು ಕೆಲವರು ಸುಮ್ಮನಾಗುತ್ತಾರೆ. ಇನ್ನು ಕೆಲವರು "ಹಿಂದಿನ ಸೀಲು ಹೋಗಿದೆ, ಇಂಜಿನ್ ಇಳಿಸಬೇಕು" ಎಂಬ ಮಾತು ಕೇಳಿ ದೊಡ್ಡ ಖರ್ಚಿಗೆ ಕೈ ಹಾಕುತ್ತಾರೆ. ಇವೆರಡೂ ಸರಿಯಾದ ದಾರಿಯಲ್ಲ. ಸೋರಿಕೆಯ ಮೂಲವನ್ನು ಕ್ರಮವಾಗಿ ಹುಡುಕಿದರೆ ಬಹಳಷ್ಟು ಸಂದರ್ಭಗಳಲ್ಲಿ ಒಂದು ಪ್ಯಾಕಿಂಗ್ ಅಥವಾ ಒಂದು ವಾಷರಿನ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ. ಆ ಕ್ರಮವನ್ನು ಇಲ್ಲಿ ವಿವರಿಸಿದ್ದೇವೆ.

ಇಲ್ಲಿ ನಾವು ಹೇಳುವುದು ಬಿ.ಎಂ.ಸಿ. ವಿನ್ಯಾಸದ 1489 ಸಿ.ಸಿ. ಪೆಟ್ರೋಲ್ ಇಂಜಿನ್ನಿನ ಅಂಬಾಸಿಡರ್ ಕುರಿತು. ನಂತರ ಬಂದ ಇಸುಜು ವಿನ್ಯಾಸದ ಇಂಜಿನ್ನುಗಳ ರಚನೆ ಬೇರೆ. ಆದರೆ ಹುಡುಕುವ ವಿಧಾನ ಎಲ್ಲ ಇಂಜಿನ್ನುಗಳಿಗೂ ಒಂದೇ.

ಹನಿಯ ಲೆಕ್ಕ

ಹನಿಗೂಡಿದರೆ ಹಳ್ಳ ಎಂಬ ಮಾತು ಇಲ್ಲಿಯೂ ನಿಜ. ಇಪ್ಪತ್ತು ಹನಿ ಸೇರಿದರೆ ಸುಮಾರು ಒಂದು ಮಿಲಿಲೀಟರ್ ಎಂದು ಇಟ್ಟುಕೊಳ್ಳೋಣ. ಓಡುವಾಗ 20 ಮೀಟರಿಗೆ ಒಂದು ಹನಿ ಬೀಳುತ್ತಿದ್ದರೆ ಕಿಲೋಮೀಟರಿಗೆ 50 ಹನಿ, 400 ಕಿಲೋಮೀಟರಿಗೆ ಒಂದು ಲೀಟರ್ ಹೋಗುತ್ತದೆ. ತೋಟದಿಂದ ಪೇಟೆಗೆ ಹತ್ತು ಹದಿನೈದು ಸಲ ಹೋಗಿ ಬರುವಷ್ಟರಲ್ಲಿ ಇಷ್ಟು ದೂರ ಆಗಿಬಿಡುತ್ತದೆ.

ಎಣ್ಣೆ ಕಡಿಮೆಯಾದ ಇಂಜಿನ್ ಘಾಟಿ ಏರುವಾಗ, ತಿರುವಿನಲ್ಲಿ ವಾಲಿದಾಗ, ಚೇಂಬರಿನ ತಳದ ಎಣ್ಣೆ ಒಂದು ಕಡೆಗೆ ಸರಿಯುತ್ತದೆ. ಪಂಪಿನ ಬಾಯಿಗೆ ಎಣ್ಣೆಯ ಬದಲು ಗಾಳಿ ಸಿಗುತ್ತದೆ. ಬೇರಿಂಗುಗಳು ಕೆಡಲು ಹೆಚ್ಚು ಹೊತ್ತು ಬೇಕಿಲ್ಲ. ಸೋರಿದ ಎಣ್ಣೆ ಕ್ಲಚ್ ಪ್ಲೇಟಿಗೆ ತಗುಲಿದರೆ ಏರಿನಲ್ಲಿ ಕ್ಲಚ್ ಜಾರುತ್ತದೆ. ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಹೊಗೆ ಬರುತ್ತದೆ, ಬೆಂಕಿಯ ಭಯವೂ ಉಂಟು. ಬೆಳೆಗಾರರಿಗೆ ಇನ್ನೊಂದು ವಿಶೇಷ ಅಪಾಯವಿದೆ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಒಣಗಿಸುವ ಕಣದಲ್ಲಿ ಗಾಡಿ ನಿಲ್ಲಿಸಿ ಅಲ್ಲಿ ಎಣ್ಣೆ ಬಿದ್ದರೆ, ಅದರ ಮೇಲೆ ಹರವಿದ ಬೀಜದ ಬೆಲೆಗೆ ಪೆಟ್ಟು ಬೀಳುತ್ತದೆ. ಅಡಿಕೆ ಅಂಗಳಕ್ಕೂ ಇದೇ ಎಚ್ಚರಿಕೆ.

ಆದುದರಿಂದ ಮೊದಲ ಕೆಲಸ ಅಳತೆ. ಪ್ರತಿದಿನ ಬೆಳಿಗ್ಗೆ, ಗಾಡಿ ಸಮತಟ್ಟಾದ ಜಾಗದಲ್ಲಿರುವಾಗ, ಸ್ಟಾರ್ಟ್ ಮಾಡುವ ಮುನ್ನ ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಹಾಕಿ ತೆಗೆದು ನೋಡಬೇಕು. ಮಟ್ಟವನ್ನೂ ಓಡಿದ ಕಿಲೋಮೀಟರನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಎರಡು ವಾರದಲ್ಲಿ ಸೋರಿಕೆಯ ನಿಜವಾದ ಪ್ರಮಾಣ ತಿಳಿಯುತ್ತದೆ. ಎಣ್ಣೆ ಇಳಿಯುತ್ತಿದ್ದು ನೆಲದ ಮೇಲೆ ಏನೂ ಕಾಣದಿದ್ದರೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತಿದ್ದರೆ, ಇಂಜಿನ್ ಎಣ್ಣೆಯನ್ನು ಸುಡುತ್ತಿದೆ ಎಂದರ್ಥ. ಅದು ಬೇರೆ ಕಾಯಿಲೆ.

ಬಿದ್ದಿರುವುದು ಯಾವ ಎಣ್ಣೆ?

ಗಾಡಿಯಡಿ ಬೀಳುವುದೆಲ್ಲ ಇಂಜಿನ್ ಆಯಿಲ್ ಅಲ್ಲ. ರಾತ್ರಿ ಗಾಡಿಯ ಕೆಳಗೆ ಮುಂಭಾಗದಿಂದ ಹಿಂಭಾಗದವರೆಗೆ ಹಳೆಯ ವೃತ್ತಪತ್ರಿಕೆ ಹಾಸಿ, ಗಾಳಿಗೆ ಹಾರದಂತೆ ಕಲ್ಲು ಇಡಿ. ಚಕ್ರಗಳ ಜಾಗವನ್ನು ಕಾಗದದ ಮೇಲೆ ಗುರುತು ಮಾಡಿ. ಬೆಳಿಗ್ಗೆ ಯಾವ ಭಾಗದ ಕೆಳಗೆ ಎಷ್ಟು ಕಲೆ ಇದೆ ಎಂಬುದು ತಿಳಿಯುತ್ತದೆ.

ಇಂಜಿನ್ ಆಯಿಲ್ ಕಂದು ಅಥವಾ ಕಪ್ಪಾಗಿದ್ದು ಬೆರಳಿಗೆ ಜಾರುತ್ತದೆ. ಗೇರ್ ಆಯಿಲ್ ಮಂದವಾಗಿದ್ದು ಗಂಧಕದಂಥ ಘಾಟು ವಾಸನೆ ಇರುತ್ತದೆ. ಬ್ರೇಕ್ ಆಯಿಲ್ ತೆಳುವಾಗಿ ತಿಳಿಯಾಗಿರುತ್ತದೆ. ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದು ಬರುತ್ತದೆ. ಚಕ್ರದ ಒಳಮಗ್ಗುಲಲ್ಲಿ ಅಥವಾ ಮಾಸ್ಟರ್ ಸಿಲಿಂಡರಿನ ಕೆಳಗೆ ಇಂಥ ಕಲೆ ಕಂಡರೆ ಗಾಡಿಯನ್ನು ಅಲ್ಲಿಗೇ ನಿಲ್ಲಿಸಿ, ಬ್ರೇಕ್ ರಿಪೇರಿ ಆಗುವವರೆಗೆ ಚಲಾಯಿಸಬಾರದು.

ತೊಳೆದ ಮೇಲೆಯೇ ಹುಡುಕಾಟ

ಈ ಲೇಖನದಲ್ಲಿ ನೆನಪಿಡಬೇಕಾದ ಮಾತು ಒಂದಿದ್ದರೆ ಅದು ಇದು: ಎಣ್ಣೆ ಬಿದ್ದ ಜಾಗ ಬೇರೆ, ಸೋರುವ ಜಾಗ ಬೇರೆ. ಎಣ್ಣೆ ತನ್ನ ಭಾರಕ್ಕೆ ಕೆಳಗೆ ಇಳಿಯುತ್ತದೆ. ಫ್ಯಾನಿನ ಗಾಳಿ ಮತ್ತು ಓಟದ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತವೆ. ಇಂಜಿನ್ನಿನ ತಲೆಯ ಮೇಲೆ ಸೋರಿದ್ದು ಬ್ಲಾಕಿನ ಹಿಂಬದಿಯಲ್ಲಿ ಇಳಿದು, ಕ್ಲಚ್ ಹೌಸಿಂಗಿನ ಮೇಲೆ ಹರಿದು, ಅದರ ತಳದಿಂದ ತೊಟ್ಟಿಕ್ಕುತ್ತದೆ. ನೋಡಿದವರಿಗೆ ಹಿಂದಿನ ಸೀಲೇ ಹೋದಂತೆ ಕಾಣುತ್ತದೆ. ಆದ್ದರಿಂದ ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಮತ್ತು ಎಲ್ಲಕ್ಕಿಂತ ಮುಂದಿನದು ಯಾವುದು ಎಂಬುದನ್ನು ಹುಡುಕಬೇಕು.

ವರ್ಷಗಟ್ಟಲೆ ಕೂತ ಮಣ್ಣು, ಜಿಡ್ಡು ಇರುವಾಗ ಇದು ತಿಳಿಯುವುದಿಲ್ಲ. ಇಂಜಿನ್ ಪೂರ್ತಿ ತಣ್ಣಗಿರುವಾಗ ಬ್ಯಾಟರಿಯ ತಂತಿ ಕಳಚಿ, ಡಿಸ್ಟ್ರಿಬ್ಯೂಟರ್, ಡೈನಮೋ ಮತ್ತು ಕಾರ್ಬ್ಯುರೇಟರಿನ ಬಾಯಿಯನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ, ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿದ ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು. ಪೆಟ್ರೋಲನ್ನು ಈ ಕೆಲಸಕ್ಕೆ ಎಂದಿಗೂ ಬಳಸಬಾರದು. ನಂತರ ಸೋಪಿನ ನೀರು ಬಳಸಿ ಒರೆಸಿ, ಒಣಗಲು ಅರ್ಧ ದಿನ ಬಿಡಿ. ಒಣಗಿದ ಬ್ಲಾಕಿನ ಮೇಲೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಿ.

ಈಗ ಇಂಜಿನ್ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ನಿಂತಲ್ಲೇ ಓಡಿಸಿ ಟಾರ್ಚ್ ಹಿಡಿದು ನೋಡಿ. ಮುಚ್ಚಿದ ಶೆಡ್ಡಿನಲ್ಲಿ ಇದನ್ನು ಮಾಡಬಾರದು. ಹೊಗೆ ಪ್ರಾಣಕ್ಕೆ ಎರವಾಗುತ್ತದೆ. ಫ್ಯಾನು ಮತ್ತು ಬೆಲ್ಟಿನ ಹತ್ತಿರ ಪಂಚೆ, ಸೆರಗು, ತೋಳಿನ ಅಂಚು ಸುಳಿಯಬಾರದು. ಏನೂ ಕಾಣದಿದ್ದರೆ ಐದಾರು ಕಿಲೋಮೀಟರ್ ಓಡಿಸಿ ತಂದು ಮತ್ತೆ ನೋಡಿ. ಬಿಳಿ ಪೌಡರಿನ ಮೇಲೆ ಎಣ್ಣೆಯ ದಾರಿ ಗೆರೆ ಎಳೆದಂತೆ ಕಾಣುತ್ತದೆ. ಕಣ್ಣಿಗೆ ಎಟುಕದ ಕಡೆಗೆ ಕ್ಷೌರದ ಸಣ್ಣ ಕನ್ನಡಿ ಹಿಡಿಯಿರಿ. ಎಣ್ಣೆಗೆ ಬೆರೆಸುವ ಹೊಳಪಿನ ಬಣ್ಣ ಮತ್ತು ಅದನ್ನು ತೋರಿಸುವ ನೇರಳಾತೀತ ದೀಪವೂ ಈಗ ಸಿಗುತ್ತವೆ. ಆದರೆ ಹೆಚ್ಚಿನ ಸೋರಿಕೆಗಳಿಗೆ ಪೌಡರೇ ಸಾಕು.

ಗಾಡಿಯಡಿ ನುಗ್ಗುವ ಮುನ್ನ ಗಟ್ಟಿಯಾದ ಸ್ಟ್ಯಾಂಡ್ ಅಥವಾ ದಪ್ಪ ಮರದ ದಿಮ್ಮಿ ಕೊಟ್ಟು, ಉಳಿದ ಚಕ್ರಗಳಿಗೆ ಅಡೆ ಇಡುವುದನ್ನು ಮರೆಯಬಾರದು. ಜಾಕಿಯೊಂದನ್ನೇ ನಂಬಿ ಯಾರೂ ಒಳಗೆ ಹೋಗಬಾರದು.

ಮೊದಲು ಉಸಿರಿನ ಕೊಳವೆ ನೋಡಿ

ಪ್ಯಾಕಿಂಗ್ ಬದಲಿಸುವ ಮುನ್ನ ನೋಡಬೇಕಾದದ್ದು ಬ್ರೀದರ್. ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಅನಿಲ ಯಾವಾಗಲೂ ಕೆಳಗೆ ಇಳಿಯುತ್ತದೆ. ಅದು ಹೊರಗೆ ಹೋಗಲು ಪಕ್ಕದ ಮುಚ್ಚಳದಿಂದ ಹೊರಡುವ ಬ್ರೀದರ್ ಪೈಪು ಇದೆ. ಮೇಲಿನ ಮುಚ್ಚಳದಿಂದ ಏರ್ ಕ್ಲೀನರಿಗೆ ಹೋಗುವ ರಬ್ಬರ್ ಕೊಳವೆಯೂ ಇದೆ. ಇವು ಜಿಡ್ಡಿನಿಂದ ಕಟ್ಟಿಕೊಂಡರೆ ಒಳಗೆ ಒತ್ತಡ ಹೆಚ್ಚಿ, ಗಟ್ಟಿಯಾಗಿರುವ ಪ್ಯಾಕಿಂಗಿನ ಅಂಚಿನಿಂದಲೂ ಎಣ್ಣೆ ಹೊರಬರುತ್ತದೆ. ಮಳೆಗಾಲವಿಡೀ ನಿಂತ ಗಾಡಿಯ ತೆರೆದ ಕೊಳವೆಯ ಬಾಯಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರಲೂಬಹುದು. ಕೊಳವೆಗಳನ್ನು ಬಿಚ್ಚಿ, ತಂತಿ ಹಾಯಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಬಾಯಿಂದ ಊದಿದರೆ ಗಾಳಿ ಸರಾಗ ಹೋಗುವಂತೆ ಮಾಡಿ ಜೋಡಿಸಿ.

ಅನಂತರ ಇಂಜಿನ್ ಬಿಸಿಯಾದಾಗ ನಿಧಾನ ಓಟದಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಸಣ್ಣ ಉಸಿರಿನಂತೆ ಗಾಳಿ ಬಂದರೆ ಚಿಂತೆಯಿಲ್ಲ. ಹೊಗೆ ಒಂದೇ ಸಮನೆ ಒತ್ತಿ ಬರುತ್ತಿದ್ದರೆ ರಿಂಗುಗಳು ಸವೆದಿವೆ. ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು. ಅಂಥ ಇಂಜಿನ್ನಿಗೆ ಎಷ್ಟು ಪ್ಯಾಕಿಂಗ್ ಹಾಕಿದರೂ ನಿಲ್ಲುವುದಿಲ್ಲ. ಹಾಗೆಯೇ ಎಣ್ಣೆಯನ್ನು ಡಿಪ್‌ಸ್ಟಿಕ್ಕಿನ ಮೇಲಿನ ಗುರುತು ದಾಟಿ ತುಂಬಿದ್ದರೂ ಸೋರುತ್ತದೆ. "ಹೇಗೂ ಸೋರುತ್ತದೆ, ಒಂದಿಷ್ಟು ಹೆಚ್ಚೇ ಇರಲಿ" ಎಂದು ಸುರಿಯುವುದು ಸೋರಿಕೆಯನ್ನು ಹೆಚ್ಚಿಸುವ ದಾರಿ.

ಮೇಲಿನಿಂದ ಕೆಳಗೆ

ಮೇಲಿನ ಮುಚ್ಚಳ: ರಾಕರುಗಳನ್ನು ಮುಚ್ಚುವ ತಗಡಿನ ಕವರನ್ನು ವರ್ಕ್‌ಶಾಪಿನಲ್ಲಿ ಟ್ಯಾಪೆಟ್ ಕವರ್ ಎನ್ನುತ್ತಾರೆ. ಎರಡು ನಟ್ಟು, ಅವುಗಳ ಕೆಳಗೆ ರಬ್ಬರ್ ಬುಷ್, ಸುತ್ತಲೂ ಕಾರ್ಕ್ ಪ್ಯಾಕಿಂಗ್ ಇದರ ರಚನೆ. ಸೋರುತ್ತದೆಂದು ನಟ್ಟನ್ನು ಬಿಗಿದಷ್ಟೂ ತಗಡು ಬಾಗಿ ಸೋರಿಕೆ ಹೆಚ್ಚುತ್ತದೆ. ಕವರ್ ತೆಗೆದು ಅಂಚನ್ನು ಗಾಜಿನ ಹಲಗೆಯ ಮೇಲೆ ಇಟ್ಟು ನೋಡಿ. ಬಾಗಿದ್ದರೆ ಮರದ ತುಂಡು ಕೊಟ್ಟು ಮೆಲ್ಲಗೆ ಬಡಿದು ನೇರ ಮಾಡಿ. ಹೊಸ ಕಾರ್ಕನ್ನೂ ಹೊಸ ರಬ್ಬರ್ ಬುಷ್ಷನ್ನೂ ಒಟ್ಟಿಗೇ ಹಾಕಬೇಕು. ಬುಷ್ ಗಟ್ಟಿಯಾಗಿದ್ದರೆ ಸ್ಟಡ್ಡಿನ ಸುತ್ತಲೇ ಎಣ್ಣೆ ಮೇಲಕ್ಕೆ ಬರುತ್ತದೆ.

ಪಕ್ಕದ ಮುಚ್ಚಳಗಳು: ಇಂಜಿನ್ನಿನ ಎಡಗಡೆ, ಸೈಲೆನ್ಸರ್ ಮ್ಯಾನಿಫೋಲ್ಡಿನ ಕೆಳಗೆ ಮರೆಯಾಗಿ, ಎರಡು ಸಣ್ಣ ತಗಡಿನ ಮುಚ್ಚಳಗಳಿವೆ. ಪುಷ್‌ರಾಡುಗಳ ಕೋಣೆಯನ್ನು ಮುಚ್ಚುವುದು ಇವೇ. ಇವಕ್ಕೂ ಟ್ಯಾಪೆಟ್ ಕವರ್ ಎಂಬ ಹೆಸರು ಇರುವುದರಿಂದ "ಟ್ಯಾಪೆಟ್ ಕವರ್ ಪ್ಯಾಕಿಂಗ್ ಹಾಕಿಸಿದ್ದೇನೆ" ಎಂದರೆ ಯಾವುದಕ್ಕೆ ಎಂದು ಕೇಳಿ ತಿಳಿಯಬೇಕು. ಒಂದೊಂದಕ್ಕೂ ನಡುವೆ ಒಂದೇ ಬೋಲ್ಟು. ಮ್ಯಾನಿಫೋಲ್ಡಿನ ಕಾವಿಗೆ ಇಲ್ಲಿಯ ಕಾರ್ಕ್ ಬೇಗ ಒಣಗಿ ಬಿರಿಯುತ್ತದೆ. ಹಿಂದಿನ ಮುಚ್ಚಳದಿಂದ ಸೋರಿದ ಎಣ್ಣೆ ನೇರವಾಗಿ ಕ್ಲಚ್ ಹೌಸಿಂಗಿನ ಕಡೆಗೆ ಇಳಿಯುವುದರಿಂದ, ಹಿಂದಿನ ಸೀಲಿನ ಮೇಲೆ ಸುಳ್ಳು ಆಪಾದನೆ ಬರುವುದು ಹೆಚ್ಚಾಗಿ ಇದರಿಂದಲೇ. ಕೈ ಹೋಗುವುದು ಕಷ್ಟ. ಮ್ಯಾನಿಫೋಲ್ಡ್ ಬಿಚ್ಚಿಯೇ ಮಾಡುವುದು ಲೇಸು. ಆಗ ಮ್ಯಾನಿಫೋಲ್ಡಿನ ಪ್ಯಾಕಿಂಗನ್ನೂ ಹೊಸದು ಹಾಕಿ.

ಆಯಿಲ್ ಫಿಲ್ಟರ್: ಬಲಗಡೆ ಇರುವ ಫಿಲ್ಟರ್ ಬಟ್ಟಲು ತಲೆಭಾಗಕ್ಕೆ ಸೇರುವಲ್ಲಿ ಗಾಡಿಯೊಂದರಲ್ಲಿ ರಬ್ಬರ್ ರಿಂಗು ಕೂರುತ್ತದೆ. ಫಿಲ್ಟರ್ ಬದಲಿಸುವಾಗ ಹಳೆಯ ರಿಂಗು ಅಲ್ಲೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದನ್ನು ಕೂರಿಸಿದರೆ ಎರಡೂ ಸರಿಯಾಗಿ ಕೂರುವುದಿಲ್ಲ. ಇಲ್ಲಿರುವುದು ಪಂಪಿನ ಒತ್ತಡದ ಎಣ್ಣೆ. ಸೋರಿದರೆ ಹನಿಯಲ್ಲ, ಧಾರೆ. ಹಳೆಯ ರಿಂಗನ್ನು ಮೊನೆಯಿಂದ ಎಬ್ಬಿಸಿ ತೆಗೆದು, ಗೀರನ್ನು ಒರೆಸಿ, ಹೊಸದನ್ನು ಎಣ್ಣೆ ಸವರಿ ಕೂರಿಸಿ. ಆಯಿಲ್ ಪ್ರೆಶರ್ ಗೇಜಿಗೆ ಅಥವಾ ದೀಪದ ಸ್ವಿಚ್ಚಿಗೆ ಹೋಗುವ ಜೋಡಣೆಯನ್ನೂ ಇದೇ ಸಮಯದಲ್ಲಿ ನೋಡಿ. ಓಡುವಾಗ ಪ್ರೆಶರ್ ದೀಪ ಹತ್ತಿದರೆ "ಮನೆ ಹತ್ತಿರವೇ ಇದೆ" ಎಂದು ಮುಂದುವರಿಸದೆ, ಕೂಡಲೇ ಇಂಜಿನ್ ಆಫ್ ಮಾಡಬೇಕು.

ಚೇಂಬರ್: ತಳದ ಚೇಂಬರಿನ ಎರಡು ಪಕ್ಕಕ್ಕೆ ಪ್ಯಾಕಿಂಗು, ಮುಂದೆ ಹಿಂದೆ ಅರ್ಧಚಂದ್ರಾಕಾರದ ಜಾಗದಲ್ಲಿ ಕಾರ್ಕ್ ಪಟ್ಟಿ ಇರುತ್ತದೆ. ಸೋರುವುದು ಸಾಮಾನ್ಯವಾಗಿ ಈ ನಾಲ್ಕು ಸೇರುವ ಮೂಲೆಗಳಲ್ಲಿ. ಅಲ್ಲಿಗೆ ಮಾತ್ರ ಸ್ವಲ್ಪ ಸಿಲಿಕೋನ್ ಅಂಟು ಹಾಕಬಹುದು. ಬೋಲ್ಟುಗಳನ್ನು ಒಂದೇ ಕಡೆಯಿಂದ ಬಿಗಿಯದೆ, ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ಡ್ರೈನ್ ಬೋಲ್ಟು: ಎಣ್ಣೆ ಬದಲಿಸಿದ ಮೇಲೆ ಸೋರಿಕೆ ಶುರುವಾಗಿದ್ದರೆ ಮೊದಲು ಇದರ ವಾಷರನ್ನು ನೋಡಿ. ತಾಮ್ರದ ವಾಷರಾದರೆ ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗಿ ಮತ್ತೆ ಉಪಯೋಗಕ್ಕೆ ಬರುತ್ತದೆ.

ಮುಂದಿನ ಪುಲ್ಲಿ

ಪುಲ್ಲಿಯ ಹಿಂದಿನಿಂದ ಎಣ್ಣೆ ಬಂದರೆ ಫ್ಯಾನ್ ಬೆಲ್ಟು ಅದನ್ನು ಸುತ್ತಲೂ ಸಿಡಿಸುತ್ತದೆ. ಇಂಜಿನ್ನಿನ ಮುಂಭಾಗ ಪೂರ್ತಿ ಒದ್ದೆಯಾಗಿ ಕಾಣುತ್ತದೆ. ಟೈಮಿಂಗ್ ಕವರಿನಲ್ಲಿ ಹಳೆಯ ಇಂಜಿನ್ನುಗಳಿಗೆ ಫೆಲ್ಟ್ ಸೀಲು, ನಂತರದವಕ್ಕೆ ರಬ್ಬರ್ ಸೀಲು ಇರುತ್ತದೆ. ಬದಲಿಸಲು ರೇಡಿಯೇಟರ್ ಮತ್ತು ಪುಲ್ಲಿ ಬಿಚ್ಚಬೇಕು. ಸೀಲು ಉಜ್ಜುವ ಜಾಗದಲ್ಲಿ ಪುಲ್ಲಿಯ ಕತ್ತು ಸವೆದು ಗೀರು ಬಿದ್ದಿದ್ದರೆ ಹೊಸ ಸೀಲು ಹಾಕಿದರೂ ಪ್ರಯೋಜನವಿಲ್ಲ. ಲೇತಿನಲ್ಲಿ ತೆಳು ತೋಳು ಹಾಕಿಸಬೇಕು ಅಥವಾ ಪುಲ್ಲಿ ಬದಲಿಸಬೇಕು. ಕವರನ್ನು ಮರಳಿ ಕೂರಿಸುವಾಗ ಬೋಲ್ಟುಗಳನ್ನು ಸಡಿಲವಾಗಿ ಹಾಕಿ, ಪುಲ್ಲಿಯನ್ನು ತೂರಿಸಿ ಸೀಲು ನಡುಮಧ್ಯಕ್ಕೆ ಬಂದ ಮೇಲೆ ಬಿಗಿಯಬೇಕು. ಒಳಗೆ ಎಣ್ಣೆಯನ್ನು ದೂರ ಎಸೆಯುವ ತಗಡಿನ ಬಿಲ್ಲೆ ಇದೆ. ಬಿಚ್ಚುವಾಗ ಅದರ ಯಾವ ಮುಖ ಹೊರಗಿತ್ತು ಎಂಬುದನ್ನು ಗುರುತು ಮಾಡಿಕೊಳ್ಳಿ.

ಹಿಂದಿನ ತುದಿಯ ಗುಟ್ಟು

ಈಗ ಎಲ್ಲರೂ ಹೆದರುವ ಹಿಂದಿನ ಸೀಲಿನ ವಿಷಯ. ಈ ಇಂಜಿನ್ನಿನಲ್ಲಿ ಅಲ್ಲಿ ರಬ್ಬರ್ ಸೀಲೇ ಇಲ್ಲ! ಕ್ರ್ಯಾಂಕಿನ ಹಿಂತುದಿಯಲ್ಲಿ ತಿರುಪಿನ ಸುತ್ತಿನಂತೆ ಗೀರು ಕೊರೆದಿದ್ದಾರೆ. ಸ್ಕ್ರೂ ಕನ್ವೇಯರ್ ಕಾಫಿ ಹಣ್ಣನ್ನು ತಳ್ಳಿಕೊಂಡು ಹೋಗುವಂತೆ, ಕ್ರ್ಯಾಂಕು ತಿರುಗುವಾಗ ಈ ಗೀರು ಹೊರಗೆ ಬರುವ ಎಣ್ಣೆಯನ್ನು ಒಳಕ್ಕೆ ತಿರುಗಿಸಿ ಚೇಂಬರಿಗೆ ಕಳಿಸುತ್ತದೆ. ಇಂಜಿನ್ ನಿಂತೊಡನೆ ಈ ಕೆಲಸವೂ ನಿಲ್ಲುತ್ತದೆ. ಆದ್ದರಿಂದ ಬಿಸಿ ಇಂಜಿನ್ ನಿಲ್ಲಿಸಿದ ಮೇಲೆ, ಅದರಲ್ಲೂ ಮೂತಿ ಮೇಲಾಗಿ ಏರಿನಲ್ಲಿ ನಿಲ್ಲಿಸಿದರೆ, ಒಂದೆರಡು ಹನಿ ಬೀಳುವುದು ವಿನ್ಯಾಸದ ಗುಣವೇ ಹೊರತು ರೋಗವಲ್ಲ. ಒಳಗಿನ ಒತ್ತಡ ಹೆಚ್ಚಾದರೆ ಮೊದಲು ಎಣ್ಣೆ ಬಿಡುವುದೂ ಇಲ್ಲಿಯೇ. ಬ್ರೀದರನ್ನು ಮೊದಲು ನೋಡಿ ಎಂದದ್ದು ಇದಕ್ಕಾಗಿ.

ಪರೀಕ್ಷೆ ಸುಲಭ. ಕ್ಲಚ್ ಹೌಸಿಂಗಿನ ತಳದಲ್ಲಿ ಒಂದು ಸಣ್ಣ ರಂಧ್ರ, ಅದರಲ್ಲಿ ಅಲುಗಾಡುವ ಸ್ಪ್ಲಿಟ್ ಪಿನ್ನು ಇರುತ್ತದೆ. ರಂಧ್ರ ಕಟ್ಟದಿರಲೆಂದು ಆ ಪಿನ್ನು. ಹೌಸಿಂಗಿನ ಹೊರಮೈ ಒದ್ದೆಯಾಗಿದ್ದು ರಂಧ್ರ ಒಣಗಿದ್ದರೆ ಸೋರಿಕೆ ಮೇಲಿನಿಂದ ಬಂದದ್ದು. ಇಂಜಿನ್ ಇಳಿಸುವ ಅಗತ್ಯವಿಲ್ಲ. ಹೊರಮೈ ಒಣಗಿದ್ದು ರಂಧ್ರದಿಂದಲೇ ತೊಟ್ಟಿಕ್ಕುತ್ತಿದ್ದರೆ ಒಳಗಿನದು. ಆಗಲೂ ಎಣ್ಣೆಯ ವಾಸನೆ ನೋಡಿ, ಗೇರ್‌ಬಾಕ್ಸಿನ ಮುಂಭಾಗದಿಂದ ಬಂದ ಗೇರ್ ಆಯಿಲೋ ಏನೋ ಎಂಬುದನ್ನು ಖಚಿತ ಮಾಡಿಕೊಳ್ಳಬೇಕು.

ಇಂಜಿನ್ ಆಯಿಲೇ ಆಗಿದ್ದು, ದಿನಕ್ಕೆ ಕೆಲವು ಹನಿ ಮಾತ್ರ ಬೀಳುತ್ತಿದ್ದು, ಕ್ಲಚ್ ಜಾರದಿದ್ದರೆ ಹಾಗೆಯೇ ಬಿಡುವುದು ಜಾಣತನ. ಕೆಳಗೆ ಒಂದು ತಗಡಿನ ತಟ್ಟೆ ಇಟ್ಟರೆ ಸಾಕು. ಮುಂದೆ ಕ್ಲಚ್ ಪ್ಲೇಟ್ ಬದಲಿಸಲು ಬಿಚ್ಚಿದಾಗ ಹಿಂದಿನ ಮೈನ್ ಬೇರಿಂಗಿನ ಸವೆತವನ್ನೂ ನೋಡಿಸಿ. ಬೇರಿಂಗ್ ಸವೆದು ಕ್ರ್ಯಾಂಕು ಅಲುಗಾಡುತ್ತಿದ್ದರೆ ಗೀರು ಎಣ್ಣೆಯನ್ನು ಹಿಡಿಯಲಾರದು. ಕ್ಲಚ್ ಜಾರುತ್ತಿದ್ದರೆ ಅಥವಾ ಡಿಪ್‌ಸ್ಟಿಕ್ಕಿನ ಮಟ್ಟ ವಾರದಿಂದ ವಾರಕ್ಕೆ ಬೀಳುತ್ತಿದ್ದರೆ ಮಾತ್ರ ಇಂಜಿನ್ ಇಳಿಸುವ ಯೋಚನೆ ಮಾಡಬೇಕು.

ಪ್ಯಾಕಿಂಗ್ ಹಾಕುವಾಗ

ಹಳೆಯ ಪ್ಯಾಕಿಂಗಿನ ಚೂರುಗಳನ್ನು ಪೂರ್ತಿ ಕೆರೆದು ತೆಗೆಯಬೇಕು; ಚೂರು ಇಂಜಿನ್ನಿನ ಒಳಗೆ ಬೀಳದಂತೆ ಬಟ್ಟೆ ತುರುಕಿ, ನೆನಪಿನಿಂದ ತೆಗೆಯಿರಿ. ಬಹುಕಾಲ ಅಂಗಡಿಯಲ್ಲಿ ಇದ್ದ ಕಾರ್ಕ್ ಒಣಗಿ ಕುಗ್ಗಿರುತ್ತದೆ. ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿದರೆ ಅಳತೆಗೆ ಬರುತ್ತದೆ. ಕಾರ್ಕನ್ನು ಮುಚ್ಚಳದ ಕಡೆಗೆ ಮಾತ್ರ ಅಂಟಿಸಿ, ಇಂಜಿನ್ನಿನ ಕಡೆಗೆ ಗ್ರೀಸ್ ಸವರಿ. ಮುಂದೆ ಬಿಚ್ಚುವಾಗ ಹರಿಯುವುದಿಲ್ಲ. ಬಿಗಿಯಲು ಸ್ಪ್ಯಾನರ್ ಹಿಡಿದ ಎರಡು ಬೆರಳಿನ ಬಲ ಸಾಕು.

ಸಿಲಿಕೋನ್ ಅಂಟನ್ನು ಎಲ್ಲ ಕಡೆಗೂ ಧಾರಾಳವಾಗಿ ಮೆತ್ತುವ ರೂಢಿ ಒಳ್ಳೆಯದಲ್ಲ. ಒಳಗೆ ಉಬ್ಬಿದ ಅಂಟು ಕಿತ್ತು ಬಂದು ಎಣ್ಣೆ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಇಂಜಿನ್ನೇ ಹಾಳಾಗುತ್ತದೆ. ಎಣ್ಣೆಗೆ ಬೆರೆಸುವ "ಸೋರಿಕೆ ನಿಲ್ಲಿಸುವ" ದ್ರಾವಣಗಳು ರಬ್ಬರನ್ನು ಉಬ್ಬಿಸಿ ತಾತ್ಕಾಲಿಕವಾಗಿ ಸಹಾಯ ಮಾಡಬಹುದು. ಆದರೆ ಬಿರಿದ ಕಾರ್ಕಿಗೆ, ಸೀಲೇ ಇಲ್ಲದ ಹಿಂದಿನ ತುದಿಗೆ, ಅವುಗಳಿಂದ ಫಲವಿಲ್ಲ.

ವಿಲ್ಲಿಸ್ ವಿನ್ಯಾಸದ ಹಳೆಯ ಪೆಟ್ರೋಲ್ ಜೀಪು ಇರುವವರೂ ಇದೇ ಕ್ರಮ ಅನುಸರಿಸಬಹುದು. ಅವುಗಳಲ್ಲಿ ಕ್ರ್ಯಾಂಕಿನ ಹಿಂತುದಿಗೆ ಸೀಲು ಇದ್ದು, ಹಳೆಯ ಇಂಜಿನ್ನುಗಳಲ್ಲಿ ಅದು ಹುರಿಯ ಪ್ಯಾಕಿಂಗು ಎಂಬುದಷ್ಟೇ ವ್ಯತ್ಯಾಸ.

ತೆಗೆದ ಎಣ್ಣೆ ಎಲ್ಲಿಗೆ?

ಬದಲಿಸಿದ ಎಣ್ಣೆಯನ್ನು, ತಟ್ಟೆಯಲ್ಲಿ ಕೂಡಿದ ಎಣ್ಣೆಯನ್ನು, ತೊಳೆದ ಸೀಮೆಎಣ್ಣೆಯನ್ನು ಚರಂಡಿಗೆ ಸುರಿದರೆ ಮೊದಲ ಮಳೆಗೆ ಅದು ಸೇರುವುದು ನಮ್ಮದೇ ಕೆರೆ, ಹಳ್ಳ, ಬಾವಿಗೆ. ಬಳಸಿದ ಎಣ್ಣೆಯು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೂ ಬರುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಅಧಿಕೃತವಾಗಿ ಸಂಗ್ರಹಿಸುವವರಿಗೆ ತಲುಪಿಸುವ ವರ್ಕ್‌ಶಾಪಿಗೆ ಕೊಡಿ. ನೆಲಕ್ಕೆ ಚೆಲ್ಲಿದ್ದರ ಮೇಲೆ ಮರದ ಹೊಟ್ಟು ಹರಡಿ, ಹೀರಿದ ಮೇಲೆ ಗುಡಿಸಿ ಬೇರೆಯಾಗಿ ಇಡಿ.

ಕೊನೆಯಲ್ಲಿ ಕ್ರಮವನ್ನು ಇನ್ನೊಮ್ಮೆ ಹೇಳುತ್ತೇವೆ. ಮೊದಲು ಅಳತೆ, ಅನಂತರ ತೊಳೆತ, ಬ್ರೀದರ್ ಪರೀಕ್ಷೆ, ಆಮೇಲೆ ಮೇಲಿನ ಮುಚ್ಚಳದಿಂದ ತೊಡಗಿ ಕೆಳಕ್ಕೆ. ಹಿಂದಿನ ತುದಿ ಎಲ್ಲಕ್ಕಿಂತ ಕೊನೆಗೆ. ಒಂದು ಸಲಕ್ಕೆ ಒಂದೇ ರಿಪೇರಿ ಮಾಡಿ, ಮತ್ತೆ ಪೌಡರ್ ಉದುರಿಸಿ ನೋಡಿ ಮುಂದಿನದಕ್ಕೆ ಹೋಗಿ. ಇಂಜಿನ್ ಇಳಿಸಲು ಯಾರಾದರೂ ಸಲಹೆ ಕೊಟ್ಟರೆ, ಒಪ್ಪುವ ಮುನ್ನ ಕ್ಲಚ್ ಹೌಸಿಂಗಿನ ಆ ಸಣ್ಣ ರಂಧ್ರವನ್ನು ತಾವೇ ಬಗ್ಗಿ ನೋಡಿ. ಕೊಯ್ಲಿನ ಓಡಾಟ ಶುರುವಾಗುವ ಮುನ್ನ ಒಂದು ಭಾನುವಾರವನ್ನು ಇದಕ್ಕೆ ಮೀಸಲಿಟ್ಟರೆ, ಘಾಟಿಯ ನಡುವೆ ಗಾಡಿ ನಿಂತು ಪರದಾಡುವುದು ತಪ್ಪುತ್ತದೆ.